ನರ್ಸರಿಯಲ್ಲಿ ಸೇಫ್‌ಗಾರ್ಡಿಂಗ್ ಲೀಡ್ ಯಾರಾಗಬೇಕು? ಮಾಲೀಕರೇ ಆದರೆ ಸರಿನಾ?

ಬೆಳ್ಳಕ್ಕಿ:
ಇಂಗ್ಲೆಂಡಿನ ಒಂದು ಖಾಸಗಿ ನರ್ಸರಿಯಲ್ಲಿ ಡೆಪ್ಯುಟಿ ಮ್ಯಾನೇಜರ್ ಆಗಿದ್ದೇನೆ. ನಮ್ಮ ಸೇಫ್‌ಗಾರ್ಡಿಂಗ್ ಲೀಡ್, ಅಂದರೆ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರು, ಕೆಲಸ ಬಿಟ್ಟು ಹೋಗುತ್ತಿದ್ದಾರೆ. ಮಾಲೀಕರೇ ನಮ್ಮ ಮ್ಯಾನೇಜರ್ ಕೂಡ. ಆ ಜವಾಬ್ದಾರಿ ನೀನು ತಗೋ, ಇಲ್ಲದಿದ್ದರೆ ನಾನೇ ಇಟ್ಟುಕೊಳ್ಳುತ್ತೇನೆ ಅಂತಿದ್ದಾರೆ. ಇವೈಎಫ್‌ಎಸ್ (ಪುಟ್ಟ ಮಕ್ಕಳ ಆರೈಕೆ-ಕಲಿಕೆಗೆ ಇಂಗ್ಲೆಂಡಿನ ಸರ್ಕಾರ ಮಾಡಿದ) ನಿಯಮಾವಳಿ ಪ್ರಕಾರ ಪ್ರತಿ ನರ್ಸರಿಯಲ್ಲೂ ಮಕ್ಕಳ ರಕ್ಷಣೆಯ ಹೊಣೆಗೆ ಒಬ್ಬರನ್ನು ಗೊತ್ತುಮಾಡಿರಬೇಕು. ಮಾಲೀಕರು ಆಗಬಾರದು ಅಂತ ಅದರಲ್ಲಿ ಇಲ್ಲ. ನಾನು ಬೇಬಿ ರೂಮಿನ ಲೆಕ್ಕಕ್ಕೂ ಸೇರಿದ್ದೇನೆ, ಅಂದರೆ 2 ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುವ ಲೆಕ್ಕಕ್ಕೆ. ಒಪ್ಪಿಕೊಳ್ಳಲಾ? ಈ ಕೆಲಸ ಮಾಡಿದವರು ಹೇಳಿ.

ಹೊಂಗೆನೆರಳು:
ಮಾಲೀಕರೇ ಆಗಲಿ ಮೇಡಂ. ಸಿಬ್ಬಂದಿಯೊಬ್ಬರ ಮೇಲೆ ದೂರು ಬಂತು ಅಂದುಕೊಳ್ಳಿ. ಅವರನ್ನು ಆಗಿಂದಾಗಲೇ ಮಕ್ಕಳಿಂದ ದೂರ ಇಡಬೇಕು, ರೋಟಾ (ಯಾರು ಯಾವಾಗ ಕೆಲಸ ಅನ್ನುವ ಪಟ್ಟಿ) ಬದಲಿಸಬೇಕು, ಅವರ ಜಾಗಕ್ಕೆ ಬೇರೆಯವರನ್ನು ಕರೆಸಬೇಕು. ಇದೆಲ್ಲ ಮಾಡುವ ಅಧಿಕಾರ ಮಾಲೀಕರಿಗೇ ಇರುವುದು. ಡೆಪ್ಯುಟಿ ಹೋಗಿ ಕೇಳಿ, ಒಪ್ಪಿಸಿ, ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಹೆಸರು ನಿಮ್ಮದು, ಅಧಿಕಾರ ಅವರದು ಅಂತಾದರೆ ಅಪಾಯ ಜಾಸ್ತಿ.

ತಿಳಿನೀರು:
ಹೊಂಗೆನೆರಳು ಅವರೇ, ನೀವು ಹೇಳಿದ್ದು ದೊಡ್ಡ ದೂರಿನ ದಿನಕ್ಕೆ ಸರಿ. ಲೀಡ್ ಕೆಲಸದಲ್ಲಿ ಅಂಥ ದಿನ ಕಡಿಮೆ. ಉಳಿದ ದಿನಗಳ ಬಗ್ಗೆ ಯೋಚಿಸಿ.

ಬೆಳಗ್ಗೆ ಏಳು ತಿಂಗಳ ಮಗುವನ್ನು ಬಿಟ್ಟು ಹೋಗುತ್ತಾರೆ. ಟೋಪಿ ತೆಗೆದಾಗ ಕಿವಿಯ ಹಿಂಭಾಗದಲ್ಲಿ ನೇರಳೆ ಬಣ್ಣದ ಕಲೆ ಕಾಣುತ್ತದೆ. ಓಡಾಡುವ ಮಗು ಬೀಳುತ್ತದೆ. ಮೊಣಕಾಲು, ಕಣಕಾಲು, ಹಣೆ, ಅಲ್ಲೆಲ್ಲ ಏಟಿನ ಕಲೆ ಇದ್ದೇ ಇರುತ್ತದೆ. ಅಂಬೆಗಾಲೂ ಇಡದ ಮಗುವಿಗೆ ಕಿವಿ ಹಿಂದೆ ಏಟು ಹೇಗೆ ಬಿತ್ತು? ಕೆನ್ನೆ, ಹೊಟ್ಟೆ, ಬೆನ್ನು, ಕುಂಡೆ ಮೇಲಿನ ಕಲೆಗೂ ಇದೇ ಪ್ರಶ್ನೆ. ಮನೆಯವರನ್ನು 'ಬಿತ್ತಾ?' ಅಂತ ಕೇಳಬಾರದು, 'ಇದು ಹೇಗಾಯ್ತು?' ಅಂತ ಕೇಳಬೇಕು. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯಬೇಕು. ಬಾಡಿ ಮ್ಯಾಪ್ ಹಾಳೆಯಲ್ಲಿ, ಅಂದರೆ ಮೈಯ ರೇಖಾಚಿತ್ರ ಇರುವ ಹಾಳೆಯಲ್ಲಿ, ಜಾಗ, ಅಳತೆ, ಬಣ್ಣ ಗುರುತಿಸಿ, ದಿನಾಂಕ, ಹೊತ್ತು, ಸಹಿ ಹಾಕಬೇಕು. ಸ್ವಂತ ಫೋನಲ್ಲಿ ಫೋಟೋ ತೆಗೆಯಬಾರದು. ಅದೇ ದಿನ ಕೌನ್ಸಿಲ್‌ನ ಮಕ್ಕಳ ಸೇವೆಗೆ ಫೋನ್ ಮಾಡಬೇಕು.

ಈಗ ಮಾಲೀಕರ ಜಾಗದಲ್ಲಿ ನಿಂತು ನೋಡಿ. ಆ ಮನೆಯ ದೊಡ್ಡ ಮಗುವೂ ಅಲ್ಲೇ ಇದೆ. ವಾರಪೂರ್ತಿ ಬರುವ ಇಬ್ಬರು ಮಕ್ಕಳ ಫೀಸು. ಅಪ್ಪ-ಅಮ್ಮ ಚೆನ್ನಾಗಿ ಪರಿಚಯ. 'ಇವರು ಅಂಥವರಲ್ಲ, ಎರಡು ದಿನ ನೋಡೋಣ' ಅನ್ನಿಸುವುದು ಸಹಜ. ಮಾಲೀಕರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮಗುವಿಗೆ ಮಾತು ಬಾರದು. ಅದರ ಪರವಾಗಿ ನಿರ್ಧಾರ ಮಾಡುವವರಿಗೆ ಆ ಮನೆಯ ಫೀಸಿನ ಯೋಚನೆ ಇರಬಾರದು.

ಕಿರುಬೆರಳು:
ಒಂದು ವಿಷಯ ಸೇರಿಸಲೇಬೇಕು. ನಮ್ಮಂಥ ಕಂದು ಮೈಬಣ್ಣದ ಎಷ್ಟೋ ಮಕ್ಕಳಿಗೆ ಹುಟ್ಟುವಾಗಲೇ ಸೊಂಟದ ಕೆಳಗೆ, ಕುಂಡೆ ಮೇಲೆ ನೀಲಿ-ಬೂದು ಮಚ್ಚೆ ಇರುತ್ತದೆ. ಗೊತ್ತಿಲ್ಲದವರು ನೋಡಿದರೆ ಹೊಡೆದಿದ್ದಾರೆ ಅಂದುಕೊಳ್ಳುತ್ತಾರೆ. ಯಾವ ತಪ್ಪೂ ಮಾಡದ ತಾಯಿ ಉತ್ತರ ಕೊಡುತ್ತಾ ಕೂರಬೇಕು.

ತಿಳಿನೀರು:
ಹೌದು, ಇದು ಲೀಡ್ ಆದವರಿಗೆ ಗೊತ್ತಿರಲೇಬೇಕು. ಏಟಿನ ಕಲೆ ದಿನ ಕಳೆದಂತೆ ಬಣ್ಣ ಬದಲಿಸಿ ಮಾಯವಾಗುತ್ತದೆ. ಈ ಮಚ್ಚೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಮುಟ್ಟಿದರೆ ನೋವಿಲ್ಲ. ಸಾಮಾನ್ಯವಾಗಿ ಮಗುವಿನ ಕೆಂಪು ಆರೋಗ್ಯ ಪುಸ್ತಕದಲ್ಲಿ ಬರೆದಿರುತ್ತಾರೆ. ಅದಕ್ಕೇ ಸೇರಿಸಿಕೊಳ್ಳುವ ದಿನವೇ ಹುಟ್ಟುಮಚ್ಚೆಗಳನ್ನು ಕೇಳಿ, ಮನೆಯವರ ಎದುರೇ ಬಾಡಿ ಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಅದು ಬರೆದಿಲ್ಲದಿದ್ದರೆ 'ಮಚ್ಚೆ ಇರಬಹುದು' ಅಂತ ನಾವೇ ತೀರ್ಮಾನ ಮಾಡುವ ಹಾಗಿಲ್ಲ. ಹೆಲ್ತ್ ವಿಸಿಟರ್ (ಪುಟ್ಟ ಮಕ್ಕಳ ಆರೋಗ್ಯ ನೋಡುವ ನರ್ಸ್) ಅಥವಾ ಡಾಕ್ಟರ್ ನೋಡಿ ಹೇಳಬೇಕು.

ಎರಡುಮಕ್ಕಳಪ್ಪ:
ನಾನು ನರ್ಸರಿ ಕೆಲಸದವನಲ್ಲ, ಮಕ್ಕಳನ್ನು ಬಿಡುವವನು. ಇದನ್ನೆಲ್ಲ ಓದಿ ಸ್ವಲ್ಪ ಭಯವಾಯಿತು. ನಮ್ಮನ್ನು ಒಂದು ಮಾತೂ ಕೇಳದೆ ಸೋಶಿಯಲ್ ಸರ್ವಿಸ್‌ಗೆ ಫೋನ್ ಮಾಡುತ್ತಾರಾ? ನಮ್ಮ ವಿವರ ಕೊಡೋಕೆ ಅನುಮತಿ ಬೇಡವಾ?

ಅಂಚೆಪೆಟ್ಟಿಗೆ:
ಸಾಮಾನ್ಯವಾಗಿ ನಿಮಗೆ ಹೇಳಿಯೇ ಮಾಡುತ್ತಾರೆ ಸರ್. ಹೇಳಿದರೆ ಮಗುವಿಗೆ ಇನ್ನಷ್ಟು ತೊಂದರೆ ಆಗಬಹುದು ಅನ್ನಿಸಿದಾಗ ಮಾತ್ರ ಹೇಳದೆ ಮಾಡಬೇಕಾಗುತ್ತದೆ. 2018ರ ದತ್ತಾಂಶ ರಕ್ಷಣೆ ಕಾಯ್ದೆ ಮಕ್ಕಳ ಸುರಕ್ಷತೆಗಾಗಿ ಮಾಹಿತಿ ಹಂಚಿಕೊಳ್ಳುವುದಕ್ಕೆ ಅಡ್ಡಿ ಮಾಡುವುದಿಲ್ಲ. ಇನ್ನೊಂದು ಮಾತು. ನಿಮ್ಮ ಮಗು ಮನೆಯಲ್ಲಿ ಬಿದ್ದಿದ್ದರೆ ಬೆಳಗ್ಗೆ ಬಿಡುವಾಗಲೇ ಹೇಳಿ, ಬರೆಸಿ, ಸಹಿ ಹಾಕಿ. ಅರ್ಧ ಗೊಂದಲ ಅಲ್ಲಿಗೇ ತಪ್ಪುತ್ತದೆ.

ಹೊಂಗೆನೆರಳು:
ಫೀಸಿನ ಮಾತು ಒಪ್ಪುತ್ತೇನೆ. ಆದರೆ ಲೀಡ್ ಬೇರೆಯವರಾದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನು ಒಪ್ಪಲಾರೆ. 2009ರಲ್ಲಿ ಪ್ಲಿಮತ್‌ನ ಒಂದು ನರ್ಸರಿಯಲ್ಲಿ ಏನಾಯಿತು? ಅಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಫೋನಲ್ಲಿ ಫೋಟೋ ತೆಗೆದವಳು ಮಾಲೀಕಳಲ್ಲ, ಅಲ್ಲಿನ ಒಬ್ಬ ಕೆಲಸದವಳು. ಆಕೆಯ ಮಾತು, ನಡವಳಿಕೆ ನೋಡಿ ಜೊತೆಯವರಿಗೆ ಕಸಿವಿಸಿ ಇತ್ತು, ಆದರೆ ಎದುರು ಹೇಳಲು ಆಗಲಿಲ್ಲ ಅಂತ ಆಮೇಲೆ ನಡೆದ ಪರಿಶೀಲನೆಯಲ್ಲಿ ಬಂತು. ಲೀಡ್ ಹುದ್ದೆ ಯಾರಿಗೆ ಕೊಟ್ಟರು ಅನ್ನುವುದಕ್ಕಿಂತ ಅಲ್ಲಿ ಬಾಯಿ ಬಿಡುವ ವಾತಾವರಣ ಇತ್ತಾ ಅನ್ನುವುದು ಮುಖ್ಯ, ಅಲ್ವಾ?

ತಿಳಿನೀರು:
ಮುಖ್ಯವೇ. ಆ ವಾತಾವರಣ ತರುವುದೇ ಲೀಡ್ ಕೆಲಸ. ಹೊಸದಾಗಿ ಸೇರಿದ ಹುಡುಗಿ ಬಂದು 'ಅವರು ನ್ಯಾಪಿ ಬದಲಿಸುವಾಗ ಯಾವಾಗಲೂ ಬಾಗಿಲು ಹಾಕಿಕೊಳ್ತಾರೆ, ಸುಮ್ನೆ ಹೇಳಿದೆ ಅಷ್ಟೇ' ಅಂದಾಗ ನೀವು ಪೆನ್ನು ತೆಗೆದು ಬರೆದುಕೊಂಡರೆ ಅವಳು ಇನ್ನೊಮ್ಮೆಯೂ ಬರುತ್ತಾಳೆ. ನಕ್ಕು ಕಳಿಸಿದರೆ ಮತ್ತೆ ಬರುವುದಿಲ್ಲ.

ದೂರು ಮಾಲೀಕರ ಮೇಲೇ ಬಂದರೆ? ಅವರೇ ಲೀಡ್ ಆಗಿದ್ದರೆ ಆ ಹುಡುಗಿ ಯಾರ ಹತ್ತಿರ ಹೋಗಬೇಕು? ಸಿಬ್ಬಂದಿ ಮೇಲಿನ ಆರೋಪವನ್ನು ಒಂದು ಕೆಲಸದ ದಿನದೊಳಗೆ ಕೌನ್ಸಿಲ್‌ನಲ್ಲಿ ಇಂಥ ಆರೋಪಗಳನ್ನು ನೋಡಿಕೊಳ್ಳುವ ಲಾಡೊ ಅಧಿಕಾರಿಗೆ ತಿಳಿಸಬೇಕು. ನರ್ಸರಿಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ಗೆ ಆದಷ್ಟು ಬೇಗ, ತಡವೆಂದರೆ 14 ದಿನದೊಳಗೆ. ಆರೋಪ ಹೊತ್ತವರೇ ಆ ಫೋನ್ ಮಾಡಬೇಕು ಅಂತಾದರೆ ಯಾರು ನಂಬುತ್ತಾರೆ? 2025ರ ಸೆಪ್ಟೆಂಬರ್‌ನಿಂದ ಇವೈಎಫ್‌ಎಸ್‌ನಲ್ಲಿ ವಿಸಲ್‌ಬ್ಲೋಯಿಂಗ್ (ಒಳಗಿನ ತಪ್ಪನ್ನು ಸಿಬ್ಬಂದಿಯೇ ಬಯಲಿಗೆ ತರುವ) ವಿಧಾನವನ್ನೂ ನರ್ಸರಿಯ ನೀತಿಯಲ್ಲಿ ಬರೆದಿರಬೇಕು ಅಂತ ಸೇರಿಸಿದ್ದಾರೆ. ಸಿಬ್ಬಂದಿ ನೇರವಾಗಿ ಲಾಡೊಗೋ ಆಫ್‌ಸ್ಟೆಡ್‌ಗೋ ಹೇಳಬಹುದು. ಎಷ್ಟು ಜನರಿಗೆ ಇದು ಗೊತ್ತಿದೆ?

ಕಿರುಬೆರಳು:
ನಮ್ಮ ನರ್ಸರಿಯಲ್ಲಿ ಕೇಳಿದರೆ ಅರ್ಧ ಜನ 'ಮ್ಯಾನೇಜರಿಗೆ ಹೇಳ್ತೀವಿ' ಅಂತ ಅಲ್ಲಿಗೇ ನಿಲ್ಲಿಸುತ್ತಾರೆ.

ಅಂಚೆಪೆಟ್ಟಿಗೆ:
ಬೆಳ್ಳಕ್ಕಿ ಅವರೇ, ಯಾರಾಗಬೇಕು ಅನ್ನುವುದು ಒಂದು ಕಡೆ ಇರಲಿ. ಬೇಬಿ ರೂಮಿನ ಲೆಕ್ಕದಲ್ಲಿ ಇದ್ದುಕೊಂಡು ಈ ಕೆಲಸ ಆಗುವುದಿಲ್ಲ. ಮಕ್ಕಳ ಸೇವೆಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ, ಮಧ್ಯೆ ಇಟ್ಟು ಬರುವ ಹಾಗೂ ಇಲ್ಲ. ನೀವು ಎದ್ದು ಹೋದ ಕ್ಷಣ ಅಲ್ಲಿ ಮಕ್ಕಳ ಲೆಕ್ಕ ತಪ್ಪುತ್ತದೆ. ಆಮೇಲೆ ಬರೆಯೋಣ ಅಂದರೆ ಸಂಜೆ ಮನೆಗೆ ಹೋಗಿ ಬರೆಯುತ್ತೀರಿ, ಮಾತುಗಳು ಮರೆತಿರುತ್ತವೆ. ಮೊದಲು ಇದನ್ನು ಕೇಳಿ: ವಾರದಲ್ಲಿ ರೂಮಿನ ಲೆಕ್ಕದಿಂದ ಹೊರಗಿರುವ ಹೊತ್ತು. ಮಾಲೀಕರನ್ನು ಕೇಳದೆಯೇ ಫೋನ್ ಮಾಡುವ, ಸಿಬ್ಬಂದಿಯನ್ನು ರೂಮಿನಿಂದ ಹೊರಗೆ ಕಳಿಸುವ ಅಧಿಕಾರ, ಅದೂ ಬರಹದಲ್ಲಿ. ಹೊಂಗೆನೆರಳು ಹೇಳಿದ ತೊಂದರೆಗೆ ಅದೇ ಉತ್ತರ. ತರಬೇತಿ ಹೇಗೂ ಎರಡು ವರ್ಷಕ್ಕೊಮ್ಮೆ ಕಡ್ಡಾಯ, ಅದನ್ನು ಸಂಬಳದ ಹೊತ್ತಿನಲ್ಲೇ ಮಾಡಿಸಲಿ.

ಹೊಂಗೆನೆರಳು:
ದೊಡ್ಡ ನರ್ಸರಿಗೆ ಸರಿ. ನಾಲ್ಕೇ ಜನ ಕೆಲಸ ಮಾಡುವ ಕಡೆ ಲೆಕ್ಕದಿಂದ ಹೊರಗೆ ಯಾರನ್ನು ಬಿಡುತ್ತಾರೆ? ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್‌ಗೆ ತಾನೇ ಲೀಡ್, ತಾನೇ ಮಾಲೀಕ. ಅವರು ನಿಭಾಯಿಸುತ್ತಿಲ್ಲವೇ? ಸಣ್ಣ ಜಾಗದಲ್ಲಿ ಮಾಲೀಕರೇ ಲೀಡ್ ಆಗುವುದು ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ತಿಳಿನೀರು:
ಅಂಥ ಕಡೆ ಎರಡನೇ ಲೀಡ್ ಆದರೂ ಮಾಲೀಕರ ಮನೆಯವರಲ್ಲದ ಬೇರೊಬ್ಬರಾಗಿರಲಿ. ಅಷ್ಟು ಖಂಡಿತ ಆಗುತ್ತದೆ.

ಬೆಳ್ಳಕ್ಕಿ:
ಎಲ್ಲರಿಗೂ ಧನ್ಯವಾದ. ಒಪ್ಪಿಕೊಳ್ಳುತ್ತೇನೆ, ಆದರೆ ಹೊತ್ತು ಮತ್ತು ಅಧಿಕಾರ ಎರಡನ್ನೂ ಬರಹದಲ್ಲಿ ಕೇಳಿಯೇ. ಕೊಡದಿದ್ದರೆ ಬೇಡ ಅನ್ನುತ್ತೇನೆ. ಒಂದು ಪ್ರಶ್ನೆ ಉಳಿಯಿತು. ನಾನು ರಜೆಯಲ್ಲಿದ್ದಾಗ?

ಅಂಚೆಪೆಟ್ಟಿಗೆ:
ಆ ಎರಡನೇ ಲೀಡ್‌ಗೂ ನಿಮ್ಮಷ್ಟೇ ತರಬೇತಿ ಇರಬೇಕು. ನಿಮ್ಮಿಬ್ಬರ ರಜೆ, ಶಿಫ್ಟ್ ಒಟ್ಟಿಗೆ ಬೀಳದ ಹಾಗೆ ರೋಟಾ ಹಾಕಿಸಿ. ದಾಖಲೆ ಬೀರುವಿನ ಬೀಗದ ಕೈ ಅವರ ಹತ್ತಿರವೂ ಇರಲಿ. ಸ್ಟಾಫ್ ರೂಮಿನ ಗೋಡೆ ಮೇಲೆ ಇಬ್ಬರ ಹೆಸರು, ಮಕ್ಕಳ ಸೇವೆಯ ಹಗಲಿನ ನಂಬರು, ರಾತ್ರಿ-ವಾರಾಂತ್ಯದ ನಂಬರು, ಲಾಡೊ ನಂಬರು ಅಂಟಿಸಿ. ಏಜೆನ್ಸಿಯಿಂದ ಒಂದೇ ದಿನಕ್ಕೆ ಬಂದವರಿಗೂ ರೂಮಿಗೆ ಹೋಗುವ ಮುಂಚೆ ಅದನ್ನು ತೋರಿಸಿ.