ಬೀಸೋ ಪದದಾಗಿನ ತವರು: ಮೂರು ಸಾಲೋ, ನಾಲ್ಕೋ?

ಜತ್ತದ_ಗಾಳಿ
ಮಹಾರಾಷ್ಟ್ರದ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಬೀಸೋ ಕಲ್ಲು ತಿರುಗಿಸ್ತಾ ಹಾಡೋ ತವರಿನ ಬೀಸೋ ಪದಗಳನ್ನು ಮೊಬೈಲಿನಲ್ಲಿ ಹಿಡಿದು ಬರೆದಿಡೋ ಕೆಲಸ ನಡೆದಿದೆ. ತ್ರಿಪದಿ (ಮೂರು ಸಾಲಿನ ಪದ) ಅಂತಾರೆ, ಕೇಳಿ ಬರೆದರೆ ನಾಲ್ಕು ಸಾಲು ಆಗ್ತದೆ. ಮೇಲಾಗಿ ಕಲ್ಲಿನ ಸದ್ದಿಗೆ ಮಾತೇ ಕೇಳಿಸೋದಿಲ್ಲ. ಕಲ್ಲು ಬಿಡಿಸಿ ಕೂಡಿಸಿದರೆ ಅವರಿಗೆ ಪದ ನೆನಪಾಗಂಗಿಲ್ಲ. ತಿಳಿದವರು ಹೇಳ್ರಿ.

ಹೊಳಿದಂಡಿ
ತ್ರಿಪದಿಗೆ 11 ಗಣ (ಮಾತ್ರೆಗಳ ಗುಂಪು), ಮೂರು ಸಾಲಿಗೆ 4, 4, 3. ಆರನೇದು, ಹತ್ತನೇದು ಬ್ರಹ್ಮಗಣ (ಇಲ್ಲಿ ಮೂರು ಮಾತ್ರೆ), ಉಳಿದವು ವಿಷ್ಣುಗಣ (ಇಲ್ಲಿ ಐದು ಮಾತ್ರೆ). ಲೆಕ್ಕ ತೋರಿಸಲಿಕ್ಕೆ ಈಗ ಕಟ್ಟಿದ್ದು, ಹಳೇ ಪದ ಅಲ್ಲ:

ಹೊಳಿದಂಡಿ ಹೊಲದಾಗ ಜ್ವಾಳದ ತೆನಿ ಬಾಗಿ
ತವರೂರ ನೆನಪು ತಂದಾವ – ನನ್ನವ್ವ
ಕರಿಯಾಕ ಅಣ್ಣ ಬರವೊಲ್ಲ

'ನೆನಪು', 'ಅಣ್ಣ' ಇವೇ ಆ ಎರಡು ಗಿಡ್ಡ ಗಣ. ಹಾಡುವಾಗ 'ತವರೂರ ನೆನಪು ತಂದಾವ' ಅನ್ನೋದನ್ನು ಹೊರಳಿಸಿ ಅಂದು ಆಮೇಲೆ ಕೊನೇ ಸಾಲಿಗೆ ಹೋಗ್ತಾರೆ. ನಿಮ್ಮ ನಾಲ್ಕನೇ ಸಾಲು ಅದೇ. ಪಠ್ಯದಲ್ಲಿ ಮೂರೇ ಸಾಲು ಇಡ್ರಿ, ಹಾಡಿದಂಗ ಬರೆದ ಪ್ರತಿ ಬೇರೆ ಇರಲಿ. 'ನನ್ನವ್ವ' ಇದ್ದಲ್ಲಿ ಇನ್ನೊಬ್ಬಾಕಿ 'ಹಡೆದವ್ವ' ಅಂದಾಳು, ಎರಡೂ ಸರಿ. 'ಜ್ವಾಳದ' ನಾಲ್ಕೇ ಮಾತ್ರೆ, ಎಳೆದು ಐದು ಮಾಡ್ತಾರೆ. ಇಂಥಲ್ಲಿ ಗಣ ಕೆಟ್ಟಿತು ಅಂತ ಅಕ್ಷರ ತುಂಬಿದರೆ ಪದ ಹಾಳು.

ಕೌದಿ
ಕಲ್ಲು ಬಿಡಿಸಬ್ಯಾಡ್ರಿ, ಕೈ ತಿರುಗಿದರೇನೇ ಪದ ಬರೋದು. ಬರಿಗಲ್ಲೂ ತಿರುಗಿಸಬಾರದು. ಕಲ್ಲಿನ ಬಾಯಿಗೆ ಕಾಳು ಸಾಲದಾಗ ಕಲ್ಲಿಗೆ ಕಲ್ಲು ತಿಕ್ಕಿ ಸದ್ದು ಏರ್ತದೆ, ಹಿಟ್ಟಿನಾಗ ಹರಳು ಬೀಳ್ತದೆ. ಒಂದು ಸೇರು ಜೋಳ ಪಕ್ಕಕ್ಕಿಡ್ರಿ, ಹಿಡಿಹಿಡಿ ಹಾಕ್ಕೋತ ಬೀಸಲಿ. ಕಲ್ಲಿನ ಕೆಳಗೆ ಗೋಣಿಚೀಲ ಮಡಚಿ ಹಾಸ್ರಿ. ಮೊಬೈಲ್ ನೆಲಕ್ಕಿಟ್ಟರೆ ನೆಲದ ಗುಡುಗುಡು ಎಲ್ಲ ಒಳಗೆ ಬರ್ತದೆ. ಡಬ್ಬಿ ಮೇಲೆ ಕೌದಿ ಮಡಚಿ, ಅದರ ಮೇಲೆ ಮೊಬೈಲ್ ಇಡ್ರಿ, ಹಾಡೋರ ಬಾಯಿಂದ ಎರಡು ಗೇಣು ದೂರ, ಮೈಕಿನ ತುದಿ ಅವರ ಕಡೆಗಿರಲಿ. ಏರೋಪ್ಲೇನ್ ಮೋಡ್ ಹಾಕ್ರಿ. ವಾವ್ (WAV, ಧ್ವನಿ ಕುಗ್ಗಿಸದ) ಫೈಲೇ ಉಳಿಸ್ರಿ. ವಾಟ್ಸಾಪ್ ಆಡಿಯೋ ಆಗಿ ಕಳಿಸಿದರೆ ಧ್ವನಿಯ ಗುಣಮಟ್ಟ ಕುಗ್ಗಬಹುದು. ಬೀಸೋದು ಮುಗಿದ ತಕ್ಷಣ ಅದೇ ಪದ ಬರೇ ಮಾತಿನಲ್ಲಿ ಹೇಳಿಸಿ ಇನ್ನೊಂದು ಫೈಲ್ ಮಾಡ್ರಿ. ಅರ್ಧ ಸಂಶಯ ಅಲ್ಲೇ ಬಗೆಹರೀತಾವ.

ಅಕ್ಕಲಕೋಟ_ರಸ್ತೆ
ಎಲ್ಲಾ ತವರಿನ ಪದಕ್ಕೂ 'ಹಂಬಲ' ಅಂತ ಚೀಟಿ ಹಚ್ಚಬ್ಯಾಡ್ರಿ. ನಾಗರ ಪಂಚಮಿಗೆ ಕರಿಯಾಕ ಅಣ್ಣ ಬರಲಿಲ್ಲ ಅನ್ನೋದು ಬೇರೆ, ಹೋದ ಮ್ಯಾಲೆ ಅತ್ತಿಗಿ ಮಾರಿ ತಿರುವಿದಳು ಅನ್ನೋದು ಬೇರೆ. ಅವ್ವ ಇಲ್ಲದ ತವರಿನ ಪದಗಳೇ ಎಲ್ಲಕ್ಕಿಂತ ಗಟ್ಟಿ, ಇದು ನನ್ನ ಅಭಿಪ್ರಾಯ. ಒಂದೇ ಸಲ ಬೀಸಾಕ ಕೂತಾಗ ಮೂರೂ ಬರ್ತಾವ. ಮೊದಲು ಹಾಡಿದ ಕ್ರಮಕ್ಕೆ ನಂಬರ್ ಕೊಡ್ರಿ, ವಿಂಗಡಣೆ ಆಮೇಲೆ.

ಈ ಕಡೆ ಅದೇ ಬಾಯಿ ನಡುವೆಯೇ ಮರಾಠಿ ಓವಿಗೆ (ಮರಾಠಿಯ ಬೀಸೋ ಪದಕ್ಕೆ) ಹೊರಳ್ತದೆ. ಅದನ್ನು ಕತ್ತರಿಸಿ ತೆಗೀಬ್ಯಾಡ್ರಿ. ಹಾಡಿದಾಕಿ ತವರು ಯಾವುದು, ಕೊಟ್ಟ ಮನೆ ಯಾವುದು ಅಂತ ಪ್ರತಿ ಫೈಲಿನ ತಲೆಗೆ ಬರೀರಿ. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಜತ್ತಕ್ಕೆ ಬಂದ ಸೊಸಿ 'ಹೊಳಿ' ಅಂದರೆ ಭೀಮಾ ನದಿಯೇ ಇರಬಹುದು, ಇದು ಬರೆದಿಡದಿದ್ದರೆ ಆಮೇಲೆ ಯಾರಿಗೂ ಗೊತ್ತಾಗಂಗಿಲ್ಲ.