ಹೆಣ್ಣುಮಕ್ಕಳ ಓದಿಗೆ ಪೋಷಕರು ಕೂಡಿ ಕೊಡುವ ಹಣ: ಯಾವ ಹಂತಕ್ಕೆ ಕೊಟ್ಟರೆ ಉಪಯೋಗ?

ಪ್ರಶ್ನೆ (ಬೆಂಗಳೂರಿನ ಪೋಷಕ):
ನಮ್ಮ ಮಕ್ಕಳ ಶಾಲೆಯ ಕೆಲವು ಪೋಷಕರು ಸೇರಿ ಪ್ರತಿ ವರ್ಷ ಒಂದಿಷ್ಟು ಹಣ ಕೂಡಿಸಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕೊಡಬೇಕೆಂದಿದ್ದೇವೆ. 2011ರ ಜನಗಣತಿಯ ಪ್ರಕಾರ ಅಲ್ಲಿ ಪುರುಷರ ಸಾಕ್ಷರತೆ ಸುಮಾರು ಶೇ 62 ಇದ್ದರೆ ಮಹಿಳೆಯರದು ಶೇ 41ರ ಆಸುಪಾಸಿನಲ್ಲಿತ್ತು. ಗುಂಪಿನ ಬಹುಪಾಲು ಜನ ಒಂದನೇ ತರಗತಿಯ ಹುಡುಗಿಯರಿಗೆ ಬ್ಯಾಗು, ನೋಟ್‌ಬುಕ್ಕು ಹಂಚೋಣ ಎನ್ನುತ್ತಾರೆ. ಅದು ಫೋಟೊಗೆ ಒದಗಿದಷ್ಟು ಓದಿಗೆ ಒದಗದು ಎಂಬ ಅನುಮಾನ ನನ್ನದು. ಅಲ್ಲಿನ ಶಾಲೆಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಪ್ರೌಢಶಾಲಾ ಶಿಕ್ಷಕಿ, ಸುರಪುರ ತಾಲ್ಲೂಕು):
ನಿಮ್ಮ ಅನುಮಾನ ಸರಿಯಾಗಿದೆ, ಸರ್. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಸರ್ಕಾರದಿಂದಲೇ ಬರುತ್ತವೆ, ಒಂದನೇ ತರಗತಿಗೆ ಹುಡುಗಿಯರು ಸೇರುತ್ತಲೂ ಇದ್ದಾರೆ. ಅವರು ಕೈತಪ್ಪುವುದು ಎಂಟನೆಯ ತರಗತಿಯ ನಂತರ, ಅದಕ್ಕಿಂತ ಹೆಚ್ಚಾಗಿ ಎಸ್ಸೆಸ್ಸೆಲ್ಸಿ ಆದ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 14 ವರ್ಷಕ್ಕೆ ಮುಗಿಯುತ್ತದೆ, ಪಿಯು ಕಾಲೇಜು ಹಲವು ಹಳ್ಳಿಗಳಿಗೆ ದೂರ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರು ಹಣ ಕೊಡಬೇಕಿಲ್ಲ ಎಂಬುದು ನಿಜವಾದರೂ, ಕಾಲೇಜಿನ ಹೊತ್ತಿಗೆ ಬಸ್ಸೇ ಬಾರದ ಊರಿಗೆ ಅದರಿಂದ ಪ್ರಯೋಜನವೇನು? ತಂದೆತಾಯಿ ಗುಳೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹಿರಿಯ ಮಗಳು, ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುವವಳೂ ಅವಳೇ.

ಆದ್ದರಿಂದ ಐದಾರು ಹುಡುಗಿಯರು ಸೇರಿ ಕಾಲೇಜಿಗೆ ಹೋಗಿಬರುವ ಟಂಟಂ (ಹಳ್ಳಿ ಕಡೆಯ ಆಟೊ) ಬಾಡಿಗೆ, ಹಾಸ್ಟೆಲ್ ಸೀಟು ಸಿಗದವರ ಊಟ ವಸತಿ, ಇವುಗಳಿಗೆ ಹಣ ಕೊಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ಇಂಗ್ಲಿಷೋ ಉಳಿಸಿಕೊಂಡವರಿಗೆ ಮುಂದಿನ ಪರೀಕ್ಷೆಗೆ ಪಾಠ ಹೇಳಿಸುವುದೂ ಅಷ್ಟೇ ಮುಖ್ಯ. ಫೇಲಾದ ಹುಡುಗನಿಗೆ ಮತ್ತೆ ಪರೀಕ್ಷೆ ಕಟ್ಟು ಎನ್ನುವ ಮನೆಯಲ್ಲೇ ಫೇಲಾದ ಹುಡುಗಿಗೆ ಗಂಡು ನೋಡಲು ಶುರು ಮಾಡುತ್ತಾರೆ.

ಉತ್ತರ (ಲೆಕ್ಕಪರಿಶೋಧಕ):
ಹಣದ ದಾರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಶಾಲೆಗೇ ಕೊಡುವುದಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿಸಿ, ಸಮಿತಿಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ಪಡೆಯಿರಿ. ಯಾರೊಬ್ಬರ ಸ್ವಂತ ಖಾತೆಗೂ ಬೇಡ. ಟ್ರಸ್ಟ್ ಮೂಲಕವಾದರೆ ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಅನುಮೋದನೆ ಅದಕ್ಕೆ ಇದೆಯೇ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ ಆ ವಿನಾಯಿತಿ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಸಿಗುವುದೇ ಇಲ್ಲ.

ಉತ್ತರ (ನಿವೃತ್ತ ಪ್ರಾಂಶುಪಾಲ, ಕಲಬುರಗಿ):
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಷರತ್ತು ಸೇರಿಸುತ್ತೇನೆ. ಹಿರಿಯ ಪ್ರಾಥಮಿಕ ಹಂತಕ್ಕೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೆಂಬ ಸರ್ಕಾರಿ ವಸತಿ ಶಾಲೆಗಳು 2004ರಿಂದ ಇವೆ; ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಈಗ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಇವೆರಡರ ನಡುವಿನ ಪಿಯುಸಿಯ ಎರಡು ವರ್ಷವನ್ನು ದಾಟಿಸುವವರು ಕಡಿಮೆ. ಕೊಡುವುದಾದರೆ ಆ ಎರಡೂ ವರ್ಷ ಕೊಡಿ; ಒಂದು ವರ್ಷ ಕೊಟ್ಟು ಮರುವರ್ಷ ಸುಮ್ಮನಾಗುವ ದಾನಿಗಳಿಂದ ಹುಡುಗಿಗೆ ಅನುಕೂಲಕ್ಕಿಂತ ಅವಮಾನವೇ ಹೆಚ್ಚು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಈ ಸಲ ಹುಡುಗಿಯರ ಸಂಖ್ಯೆ ಕಡಿಮೆಯಿದ್ದರೂ ಸರಿ, ಎರಡೂ ವರ್ಷದ ಹಣವನ್ನು ಮೊದಲೇ ಎತ್ತಿಟ್ಟು ಆರಂಭಿಸೋಣ ಎಂದು ಗುಂಪಿನ ಮುಂದೆ ಇಡುತ್ತೇನೆ. ಮೇಡಂ, ನಿಮ್ಮ ಕಡೆ ಟಂಟಂಗೆ ತಿಂಗಳ ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ ತಿಳಿಸಲು ಸಾಧ್ಯವೇ?