ಏಳು ತಿಂಗಳ ಕಾರು, 21 ಲಕ್ಷ ಕಮ್ಮಿಗೆ ಕೇಳುತ್ತಿದ್ದಾರೆ. ಕೊಡಲೋ ಬಿಡಲೋ?

(ಈ ವಾರ ಉತ್ತರ ಕೊಡುತ್ತಿರುವವರು ಕುಮಟಾದಲ್ಲಿ 18 ವರ್ಷದಿಂದ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಮಾರುತ್ತಿರುವ ನಮ್ಮ ಗುಂಪಿನ ಸದಸ್ಯರು.)

ಪ್ರಶ್ನೆ, ಶಿರಸಿ ಕಡೆಯಿಂದ:

ಸರ್, ನಮ್ಮ ಮನೆ ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ. 2025ರ ಜುಲೈನಲ್ಲಿ ಜರ್ಮನ್ ಕಂಪನಿಯ ಒಂದು ಸೆಡಾನ್ ತೆಗೆದುಕೊಂಡೆ. ಅಡಿಕೆ ದರ ಚೆನ್ನಾಗಿತ್ತು, ಆಸೆಯೂ ಇತ್ತು. ಎಕ್ಸ್‌ಶೋರೂಮ್ 50 ಲಕ್ಷ, ರಸ್ತೆಗೆ ಇಳಿಯುವಾಗ 62 ದಾಟಿತು. ಈಗ ಏಳು ತಿಂಗಳು, ಓಡಿದ್ದು 6,200 ಕಿಲೋಮೀಟರ್. ಟಾರು ರಸ್ತೆಯಿಂದ ಮನೆಗೆ ಇಳಿಯುವ ದಾರಿಯಲ್ಲಿ ನಡುವಿನ ದಿಣ್ಣೆಗೆ ಕಾರಿನ ಹೊಟ್ಟೆ ತಾಗುತ್ತದೆ. ಅಪ್ಪನಿಗೆ ಮೊಣಕಾಲು ನೋವು, ಆ ತಗ್ಗಿನ ಸೀಟಿನಿಂದ ಏಳಲು ಇಬ್ಬರು ಕೈ ಕೊಡಬೇಕು. ಕೊನೆಗೆ ಕಾರು ಅಂಗಳದಲ್ಲಿ, ನಾವು ಹಳೇ ಬೊಲೆರೊದಲ್ಲಿ. ಅಡಿಕೆ ಹರವಲೂ ಅದೇ ಅಡ್ಡ. ಬೆಂಗಳೂರಿನ ಡೀಲರೊಬ್ಬರು ಫೋಟೋ ನೋಡಿ 41 ಲಕ್ಷ ಅಂದರು. ಒಂದು ಗೀರೂ ಇಲ್ಲದ ಗಾಡಿಗೆ 21 ಲಕ್ಷ ಕಮ್ಮಿ! ಇದು ಮೋಸ ಅಲ್ವಾ?

ಉತ್ತರ:

ಮೋಸ ಅನ್ನಲಾರೆ ಮಾರಾಯ್ರೆ. ಸ್ವಲ್ಪ ಕಮ್ಮಿ ಹೇಳಿದ್ದಾರೆ, ಅಷ್ಟೇ. ಆದರೆ ನೀವು ಲೆಕ್ಕ ಶುರು ಮಾಡಿದ ಜಾಗವೇ ತಪ್ಪು. 62 ಲಕ್ಷ ನಿಮ್ಮ ಖರ್ಚು, ಕಾರಿನ ಬೆಲೆ ಅಲ್ಲ.

ಆ 62ನ್ನು ಒಮ್ಮೆ ಬಿಡಿಸಿ ನೋಡೋಣ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. ಎರಡೂ ಸೇರಿ ಹತ್ತಿರ ಹತ್ತಿರ ಶೇ 20. ಅಂದರೆ 10 ಲಕ್ಷ ನಂಬರ್ ಪ್ಲೇಟ್ ಬೀಳುವ ಮೊದಲೇ ಸರ್ಕಾರಕ್ಕೆ ಹೋಯಿತು. ಇನ್ಶೂರೆನ್ಸ್ ಒಂದೂಮುಕ್ಕಾಲು ಲಕ್ಷದ ಆಸುಪಾಸು ಇರಬೇಕು. ಇನ್ನು 50 ಸಾವಿರ ಟಿಸಿಎಸ್. 10 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಗಾಡಿಗೆ ಶೋರೂಮಿನವರು ಶೇ 1 ಹಿಡಿದು ನಿಮ್ಮ ಪ್ಯಾನ್ ನಂಬರಿಗೆ ಕಟ್ಟುತ್ತಾರೆ. ಇದೊಂದು ಮಾತ್ರ ನಿಮ್ಮದೇ ದುಡ್ಡು. 26ಎಎಸ್, ಅಂದರೆ ನಿಮ್ಮ ಪ್ಯಾನಿಗೆ ಕಟ್ಟಿದ ತೆರಿಗೆಯ ಪಟ್ಟಿ, ತೆಗೆದು ನೋಡಿ, ಕಾಣುತ್ತದೆ. ನೀವು ಕೊಂಡಿದ್ದು ಜುಲೈನಲ್ಲಿ, ಆ ವರ್ಷದ ರಿಟರ್ನ್ಸ್ ಇನ್ನೂ ಸಲ್ಲಿಸಬೇಕಷ್ಟೆ. ತೆರಿಗೆ ಬೀಳದಿದ್ದರೆ ಪೂರ್ತಿ ವಾಪಸ್ ಬರುತ್ತದೆ. ನಮ್ಮ ಕಡೆ ಕೃಷಿ ಆದಾಯ ಅಂತ ರಿಟರ್ನ್ಸೇ ಹಾಕದೆ ಇದನ್ನು ಬಿಟ್ಟುಬಿಡುವವರು ಬಹಳ.

ಇನ್ನು ನಿಮಗೆ ಬಿದ್ದ ದೊಡ್ಡ ಪೆಟ್ಟು ಬೇರೆಯೇ ಇದೆ. ನೀವು ಕೊಂಡ ಎರಡು ತಿಂಗಳಿಗೆ, 2025ರ ಸೆಪ್ಟೆಂಬರ್ 22ಕ್ಕೆ, ಜಿಎಸ್‌ಟಿ ಬದಲಾಯಿತು. ಮೊದಲು ದೊಡ್ಡ ಸೆಡಾನಿಗೆ ಶೇ 28 ಮತ್ತು ಸೆಸ್ ಶೇ 20, ಒಟ್ಟು 48 ಇತ್ತು. ಈಗ ಸೀದಾ ಶೇ 40. ಹಳೇ ದರದಲ್ಲಿ 50 ಲಕ್ಷ ಇದ್ದ ಕಾರು ಆ ಲೆಕ್ಕಕ್ಕೆ 47 ಲಕ್ಷ 30 ಸಾವಿರಕ್ಕೆ ಬಂತು. ಅದರ ಜೊತೆ ಲೈಫ್ ಟ್ಯಾಕ್ಸೂ ಅರ್ಧ ಲಕ್ಷ ಇಳಿಯಿತು. ಅಂದರೆ ಇವತ್ತು ಅದೇ ಕಾರು ಹೊಸದಾಗಿ 59 ಲಕ್ಷಕ್ಕೆ ರಸ್ತೆಗೆ ಬರುತ್ತದೆ. ಅದರಲ್ಲೂ ಶೋರೂಮಿನವರು ಹಳೇ ಸ್ಟಾಕಿಗೆ ಒಂದೋ ಎರಡೋ ಲಕ್ಷ ಬಿಡುತ್ತಾರೆ. ನಿಮ್ಮ ಕಾರು ನೋಡಲು ಬರುವವನ ತಲೆಯಲ್ಲಿ ಇರುವುದು ಈ 57-58, ನಿಮ್ಮ 62 ಅಲ್ಲ. ಹತ್ತು-ಹನ್ನೆರಡು ಲಕ್ಷವಾದರೂ ಉಳಿಯದಿದ್ದರೆ ಅವನು ಇನ್ನೊಬ್ಬರ ಹೆಸರಿನ ಗಾಡಿ ಯಾಕೆ ತೆಗೆದುಕೊಳ್ಳಬೇಕು? ನೀವೇ ಆಗಿದ್ದರೆ ತೆಗೆದುಕೊಳ್ಳುತ್ತಿದ್ದಿರಾ?

ನನ್ನ ಅಂದಾಜಿಗೆ, ನೇರವಾಗಿ ಬಳಸುವವರಿಗೆ ಮಾರಿದರೆ 44ರಿಂದ 46. ಡೀಲರ್ ಆದರೆ 42ರವರೆಗೆ ಎಳೆಯಬಹುದು. ನಡುವಿನ ಮೂರು ಲಕ್ಷ ಪೂರ್ತಿ ಅವರ ಜೇಬಿಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಮಾರ್ಜಿನ್ ಮೇಲೆ ಶೇ 18 ಜಿಎಸ್‌ಟಿ ಇದೆ. ಗಾಡಿ ಮೂರು ತಿಂಗಳು ಯಾರ್ಡಿನಲ್ಲಿ ನಿಂತರೆ ಬಡ್ಡಿ ಇದೆ. ನೀವು ನೇರವಾಗಿ ಒಬ್ಬರಿಗೆ ಮಾರುವಾಗ ಆ ಜಿಎಸ್‌ಟಿ ಇಲ್ಲ.

ಶಿರಸಿಯ ಸದಸ್ಯರು, ಮತ್ತೆ:

ಆದರೆ ಸರ್, ಇನ್ಶೂರೆನ್ಸ್ ಪತ್ರದಲ್ಲಿ ಗಾಡಿಯ ಬೆಲೆ 47.5 ಲಕ್ಷ ಅಂತ ಅಚ್ಚಾಗಿದೆಯಲ್ಲ? ಮತ್ತೆ, ಒಂದು ವರ್ಷ ತುಂಬಲಿ ಅಂತ ಕಾದರೆ ಲಾಭ ಇದೆಯೇ? ಸಾಲ 30 ಲಕ್ಷ ಬಾಕಿ ಇದೆ.

ಉತ್ತರ:

ಅದು ಐಡಿವಿ. ಕಾರು ಕಳುವಾದರೆ, ಪೂರ್ತಿ ನಜ್ಜುಗುಜ್ಜಾದರೆ ಕಂಪನಿ ಕೊಡುವ ಮೊತ್ತ. ಹೊಸ ಕಾರಿಗೆ ಎಕ್ಸ್‌ಶೋರೂಮಿನಿಂದ ಶೇ 5 ಕಳೆದು ಬರೆಯುತ್ತಾರೆ, ಆರು ತಿಂಗಳು ದಾಟಿದರೆ 15, ವರ್ಷ ದಾಟಿದರೆ 20. ಅದು ಕೋಷ್ಟಕದ ಲೆಕ್ಕ, ಸಂತೆಯ ದರ ಅಲ್ಲ.

ಕಾಯುವ ವಿಚಾರ. ಮಾರುವುದೇ ಆದರೆ ಮಳೆಗೆ ಮೊದಲು ಮಾರಿ. ಜೂನ್ ಹಿಡಿಯಿತು ಅಂದರೆ ನಮ್ಮ ಜಿಲ್ಲೆಯಲ್ಲಿ ಗಾಡಿ ನೋಡಲು ಯಾರೂ ಬರುವುದಿಲ್ಲ. ಅಂಗಳದಲ್ಲಿ ಮುಚ್ಚಿಟ್ಟ ಕಾರಿನ ಲೆದರ್ ಸೀಟಿಗೆ ಹದಿನೈದೇ ದಿನಕ್ಕೆ ಬೂಷ್ಟು ಬರುತ್ತದೆ. ಒರೆಸಿದರೆ ಹೋಗುತ್ತದೆ, ವಾಸನೆ ಹೋಗುವುದಿಲ್ಲ. ಬಾಗಿಲು ತೆಗೆದ ತಕ್ಷಣ ಮೂಗಿಗೆ ಅದು ಬಡಿದರೆ ಗಿರಾಕಿ ಅಲ್ಲೇ ಒಂದು ಲಕ್ಷ ಕಡಿಮೆ ಮಾಡುತ್ತಾನೆ. ಇಲಿ ವಯರ್ ಕಡಿದ ಕತೆಗಳನ್ನು ಹೇಳಲು ಹೋದರೆ ರಾತ್ರಿಯಾಗುತ್ತದೆ.

ಸಾಲದ್ದು ಮೊದಲು ಕೇಳಿಕೊಳ್ಳಿ. ಬಡ್ಡಿ ಫಿಕ್ಸೆಡ್ ಆಗಿದ್ದರೆ ಅವಧಿಗೆ ಮೊದಲು ತೀರಿಸಲು ಶುಲ್ಕ ಬೀಳಬಹುದು. ಬ್ಯಾಂಕಿನಿಂದ ಫೋರ್‌ಕ್ಲೋಶರ್ ಪತ್ರ ಈಗಲೇ ತೆಗೆದಿಡಿ, ಅದರಲ್ಲಿ ಒಟ್ಟು ಮೊತ್ತ ಇರುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ನಮೂದು, ತೆಗೆಸಬೇಕು. ಒಳ್ಳೆಯ ಗಿರಾಕಿ ಸಿಕ್ಕಿಯೂ ಎಚ್‌ಪಿ ತೆಗೆಸುವುದು ತಡವಾಗಿ ವ್ಯಾಪಾರ ಮುರಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಶಿರಸಿ ಪೇಟೆಯಲ್ಲಿ ಈ ಕಾರಿಗೆ ಗಿರಾಕಿ ಹುಡುಕಬೇಡಿ. ನೋಡಲು ನೂರು ಜನ ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿ, ಇಲ್ಲವೇ ಬೆಂಗಳೂರು, ಮಂಗಳೂರು ನೋಡಿ. ಗಾಡಿ ಕೆಎ-31 ಆದರೂ ರಾಜ್ಯದ ಒಳಗೇ ಮಾರಿದರೆ ಕಟ್ಟಿದ 10 ಲಕ್ಷ ಟ್ಯಾಕ್ಸ್ ಕೊಳ್ಳುವವನಿಗೂ ಸಲ್ಲುತ್ತದೆ. ಚೌಕಾಸಿ ಮಾಡುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಮತ್ತೆ, ದಿಣ್ಣೆಗೆ ಹೊಟ್ಟೆ ತಾಗುತ್ತದೆ ಅಂದಿರಿ. ಗೀರಿಲ್ಲ ಅನ್ನುವ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿಸಿ. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಹರಿದಿದ್ದರೆ ಹೊಸದು ಹಾಕಿಸಿ, ಬಿಲ್ ಇಡಿ, ಗಿರಾಕಿಗೆ ನೀವೇ ತೋರಿಸಿ. ಅವರೇ ಕಂಡುಹಿಡಿದರೆ ಉಳಿದ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಎರಡೂ ಕೀ ಇವೆ ತಾನೆ?

ಪ್ರಶ್ನೆ, ಕಾರವಾರದಿಂದ:

ಅಣ್ಣ, ನನ್ನದು ಒಂದು ವರ್ಷದ ಎಸ್‌ಯುವಿ. ಮಡಗಾಂವಿನವರೊಬ್ಬರು ಒಳ್ಳೆಯ ರೇಟ್ ಹೇಳಿದ್ದಾರೆ. ಅರ್ಧ ದುಡ್ಡು ಕ್ಯಾಶ್ ಕೊಡುತ್ತಾರಂತೆ. "ಫಾರ್ಮ್‌ಗೆ ಸಹಿ ಹಾಕಿ ಗಾಡಿ ಕೊಡಿ, ಗೋವಾದಲ್ಲಿ ನಂಬರ್ ಮಾಡಿಸುವುದು ನನ್ನ ಜವಾಬ್ದಾರಿ" ಅಂತಾರೆ. ಮಾಜಾಳಿ ದಾಟಿದರೆ ಗೋವಾ ತಾನೆ, ಏನು ಮಹಾ ದೂರ?

ಉತ್ತರ:

ತಮ್ಮ, ಬೇಡ. ದೂರ ಅಲ್ಲ, ಆದರೆ ರಾಜ್ಯ ಬೇರೆ.

ನನ್ನದೇ ಪೆದ್ದುತನ ಹೇಳುತ್ತೇನೆ. ಈ ಕಸುಬಿಗೆ ಇಳಿದ ಎರಡನೇ ವರ್ಷ ನನ್ನ ಹೆಸರಿನಲ್ಲೇ ಇದ್ದ ಒಂದು ಕಾರನ್ನು ಹೀಗೇ ಕೊಟ್ಟೆ. ಹೆಸರು ವರ್ಗಾವಣೆಯ ಫಾರ್ಮ್ 29, 30, ಎಲ್ಲಾ ಖಾಲಿ, ಕೆಳಗೆ ನನ್ನ ಸಹಿ ಮಾತ್ರ. ದುಡ್ಡು ಪೂರ್ತಿ ಬಂದಿತ್ತು, ಹಾಗಾಗಿ ಮರೆತೂಬಿಟ್ಟೆ. ವರ್ಷದ ಮೇಲೆ ಒಂದು ಸಂಜೆ ಪೊಲೀಸ್ ಠಾಣೆಯಿಂದ ಫೋನ್. ಆ ಕಾರು ಬೈಕಿಗೆ ಗುದ್ದಿದೆ, ಇನ್ಶೂರೆನ್ಸ್ ಮುಗಿದಿದೆ, ಓಡಿಸಿದವನು ಕೈಮರದ ಹಾಗೆ ನನ್ನ ಕಡೆ ಬೆರಳು ತೋರಿಸಿದ್ದಾನೆ. ನಡುವೆ ಗಾಡಿ ಮೂರು ಕೈ ಬದಲಾಗಿತ್ತು. ಆರ್‌ಸಿಯಲ್ಲಿ ಮಾತ್ರ ನಾನೇ. ನಾಲ್ಕು ವರ್ಷ ಕೋರ್ಟಿಗೆ ಅಲೆದೆ. ಗಾಡಿಯಲ್ಲಿ ದುಡಿದದ್ದು 22 ಸಾವಿರ, ವಕೀಲರಿಗೇ ಅದರ ಮೂರರಷ್ಟು ಹೋಯಿತು.

ಇದು ನನ್ನೊಬ್ಬನ ಹಣೆಬರಹ ಅಲ್ಲ, ಕಾನೂನೇ ಹಾಗಿದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿತು. ಗಾಡಿ ಎಷ್ಟು ಕೈ ಬದಲಾಗಿರಲಿ, ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ.

ನೀನು ಮಾಡಬೇಕಾದ್ದು ಇಷ್ಟು. ಕಾರವಾರ ಆರ್‌ಟಿಒದಲ್ಲಿ ಫಾರ್ಮ್ 28 ಹಾಕಿ ಬೇರೆ ರಾಜ್ಯಕ್ಕೆ ಎನ್‌ಒಸಿ ತೆಗೆಸು. ಸಾಲ, ಚಲನ್ ಬಾಕಿ ಇದ್ದರೆ ಅದು ಸಿಗುವುದಿಲ್ಲ. ಅದನ್ನು ಕೊಂಡುಹೋಗಿ ಅವರು ಅಲ್ಲಿ ಟ್ಯಾಕ್ಸ್ ಕಟ್ಟಿ ಜಿಎ ನಂಬರ್ ಮಾಡಿಸಬೇಕು. ಅಲ್ಲಿ ಹೊಸದಾಗಿ ಟ್ಯಾಕ್ಸ್ ಬೀಳುತ್ತದೆ ಅನ್ನುವುದು ಅವರಿಗೆ ಗೊತ್ತಿದೆಯೋ ಕೇಳು. ಎಷ್ಟೋ ಜನ ಕೊನೇ ಗಳಿಗೆಯಲ್ಲಿ ಅದನ್ನು ನಿನ್ನ ರೇಟಿನಿಂದ ಮುರಿಯುತ್ತಾರೆ. ಹೊರಗೆ ಹೋದ ಗಾಡಿಗೆ ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದ ಪಾಲನ್ನು ವಾಪಸ್ ಕೇಳಲು ಅವಕಾಶ ಇದೆ, ಅದಕ್ಕೆ ಅಲ್ಲಿಯ ಹೊಸ ಆರ್‌ಸಿ ಪ್ರತಿ ಬೇಕಾಗುತ್ತದೆ. ವರ್ಷದ ಗಾಡಿ ಅಂದರೆ ಅದು ಸಣ್ಣ ಮೊತ್ತ ಅಲ್ಲ. ಆ ದುಡ್ಡು ಯಾರಿಗೆ ಅನ್ನುವುದನ್ನು ಮಾರಾಟದ ಕರಾರಿನಲ್ಲಿ ಬರೆಸಿಕೋ.

ಕ್ಯಾಶ್ ಮಾತು ಅಲ್ಲೇ ಬಿಡು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ದಂಡ ಬೀಳುವುದು ತೆಗೆದುಕೊಂಡವನಿಗೆ, ಅದೂ ಅಷ್ಟೇ ಮೊತ್ತದ ದಂಡ.

ಗಾಡಿ ಕೊಡುವ ದಿನ ತಾರೀಖು ಮಾತ್ರ ಅಲ್ಲ, ಗಂಟೆ ನಿಮಿಷ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ. ಕೀ ಕೊಟ್ಟ ಕೂಡಲೇ ಫಾಸ್ಟ್ಯಾಗ್ ಬಂದ್ ಮಾಡಿಸು. ಇಲ್ಲದಿದ್ದರೆ ಅವರು ಮಂಗಳೂರಿಗೆ ಹೋದಾಗಲೆಲ್ಲ ಬೇಲೆಕೇರಿ, ಹೊಳೆಗದ್ದೆ ಟೋಲಿನ ದುಡ್ಡು ನಿನ್ನ ಖಾತೆಯಿಂದ ಹೋಗುತ್ತದೆ.

ಪ್ರಶ್ನೆ, ಕುಮಟಾದಿಂದ:

ಕಾರು ನಮ್ಮವರ ಅಂಗಡಿಯ ಹೆಸರಿನಲ್ಲಿದೆ, ಜಿಎಸ್‌ಟಿ ನೋಂದಣಿ ಇದೆ. ಮಾರಿದರೆ ತೆರಿಗೆ ಬೀಳುತ್ತದೆಯೇ?

ಉತ್ತರ:

ಅಕ್ಕ, ಸವಕಳಿ ತೋರಿಸಿದ್ದರೆ, ಪುಸ್ತಕದಲ್ಲಿ ಉಳಿದ ಬೆಲೆಗಿಂತ ಎಷ್ಟು ಜಾಸ್ತಿಗೆ ಮಾರುತ್ತೀರೋ ಅಷ್ಟರ ಮೇಲೆ ಮಾತ್ರ ಶೇ 18. ಕಮ್ಮಿಗೆ ಮಾರಿದರೆ ಇಲ್ಲ. ಉಳಿದದ್ದು ನಿಮ್ಮ ಆಡಿಟರ್ ಕೆಲಸ, ನಾನು ಬಾಯಿ ಹಾಕುವುದಿಲ್ಲ. ಹಾಂ, ಹಳೇ ಕಾರಿನಿಂದ ಬಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದ ವರ್ಷಗಳಿಗೆ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ) ಇದ್ದರೆ ಅದು ಕಾರಿನ ಜೊತೆ ಹೋಗುವುದಿಲ್ಲ, ಮಾಲೀಕರದು. ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದ ಒಳಗೆ ಹೊಸ ಕಾರಿಗೆ ಬಳಸಬಹುದು.

ಪ್ರಶ್ನೆ, ಹೊನ್ನಾವರದಿಂದ:

ನಾನು ಆಚೆ ಕಡೆಯವನು ಸರ್, ಕೊಳ್ಳುವವನು. ಆರು ತಿಂಗಳಿಗೇ ಮಾರುತ್ತಾರೆ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಹೇಗೆ ಗೊತ್ತಾಗಬೇಕು?

ಉತ್ತರ:

ಅನುಮಾನ ಒಳ್ಳೆಯದೇ. ಆದರೆ ಶಿರಸಿಯವರ ಕತೆ ಮೇಲೆ ಓದಿದಿರಲ್ಲ, ಕಾರು ಚೆನ್ನಾಗಿದ್ದೂ ಮನೆಗೆ ಒಗ್ಗದೇ ಇರಬಹುದು.

ನಮ್ಮ ಕರಾವಳಿಯಲ್ಲಿ ನಾನು ಮೊದಲು ನೋಡುವುದು ಸೀಟ್ ಬೆಲ್ಟ್. ಪೂರ್ತಿ ಎಳೆಯಿರಿ, ಇನ್ನು ಬಾರದು ಅನ್ನುವವರೆಗೆ. ನೀರು ನುಗ್ಗಿದ ಕಾರಿನ ಸೀಟು, ಕಾರ್ಪೆಟ್ ಎಲ್ಲ ತೊಳೆದಿರುತ್ತಾರೆ, ಬೆಲ್ಟಿನ ಕೊನೆಯ ಒಂದು ಗೇಣು ತೊಳೆಯಲು ಮರೆಯುತ್ತಾರೆ. ಅಲ್ಲಿ ಕೆಂಪು ಮಣ್ಣಿನ ಸಣ್ಣ ಗೆರೆ ಕಂಡರೆ ಕೀ ವಾಪಸ್ ಕೊಟ್ಟು ಬನ್ನಿ. ಆಮೇಲೆ ಡಿಕ್ಕಿಯ ಸ್ಟೆಪ್ನಿ ಗುಂಡಿ. ಬೆರಳಾಡಿಸಿ, ಮರಳು ಕೈಗೆ ಹತ್ತುತ್ತದೆಯೋ ನೋಡಿ.

ಬಣ್ಣದ ದಪ್ಪ ಅಳೆಯಲು ಒಂದು ಮೀಟರ್ ಬರುತ್ತದೆ. ಕಂಪನಿಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಮೂರು ಬಾಗಿಲು 120, ನಾಲ್ಕನೆಯದು 280 ಅಂದರೆ ಅಲ್ಲಿ ಏನೋ ತಾಗಿದೆ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 1825 ಅಂದರೆ 2025ರ 18ನೇ ವಾರ ತಯಾರಾದದ್ದು. ಆರು ತಿಂಗಳ ಗಾಡಿಯಲ್ಲಿ ಒಂದೇ ಟೈರ್ ಹೊಸದಿದ್ದರೆ ಯಾಕೆ ಅಂತ ಕೇಳಿ. ಸರ್ವಿಸ್ ಸೆಂಟರಿನಲ್ಲಿ ಚಾಸಿಸ್ ನಂಬರ್ ಹೇಳಿ ಇತಿಹಾಸ ತೆಗೆಸಲು ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಬರಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಥರ್ಡ್ ಪಾರ್ಟಿ ತಾನಾಗಿ ನಿಮಗೆ ಬರುತ್ತದೆ, ಆದರೆ ನಿಮ್ಮದೇ ಕಾರಿನ ಡ್ಯಾಮೇಜಿಗೆ ಕ್ಲೇಮ್ ಹಾಕಿದಾಗ ತಕರಾರು ಬರುತ್ತದೆ.

ಶಿರಸಿಯ ಸದಸ್ಯರು, ಎರಡು ದಿನದ ನಂತರ:

ಸರ್, ಹುಬ್ಬಳ್ಳಿಯಲ್ಲಿ ಲಿಫ್ಟ್ ಮೇಲೆ ಏರಿಸಿ ನೋಡಿಸಿದೆ. ಕವರ್ ಎರಡು ಕಡೆ ಹರಿದಿತ್ತು, ಹೊಸದು ಹಾಕಿಸಿದೆ, ಬಿಲ್ ಇದೆ. ಅಲ್ಲೇ ಒಬ್ಬ ಡಾಕ್ಟರು ನೋಡಿದರು, 44.5 ಅಂದಿದ್ದಾರೆ, ಭಾನುವಾರ ಮನೆಗೆ ಬರುತ್ತಾರೆ. ಎರಡನೇ ಕೀ ಮನೆಯೆಲ್ಲ ಹುಡುಕಿದೆವು. ಅಪ್ಪನ ಕವಳದ ಸಂಚಿಯಲ್ಲಿತ್ತು. ಸುಣ್ಣ ಹತ್ತಿದೆ, ಕೆಲಸ ಮಾಡುತ್ತದೆ.

ಉತ್ತರ:

ಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಬಟನ್ ಒಳಗೆ ಇಳಿಯುತ್ತದೆ. ಒಣ ಬ್ರಷ್ ಹಾಕಿ. ಡಾಕ್ಟರಿಗೆ 46 ಹೇಳಿ, 45ಕ್ಕೆ ಕೊಡಿ.